ಅಂಜೂರದ ಗಿಡದಲ್ಲಿ ಕಾಯಿ ವಿಚಿತ್ರವಾಗಿ ಬಂದಿದೆಯಾ? ಔಷಧಿ ಹೊಡೆಯುವ ಮುಂಚೆ ಇಷ್ಟು ನೋಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಮನೆ ಅಂಜೂರದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಟೊಂಗೆಯಲ್ಲಿ ಒಂದೂ ಎಲೆ ಇಲ್ಲ, ಕಾಯಿ ಮಾತ್ರ ಬಂದಿದೆ. ಬುಡದಲ್ಲಿ ಗೊಂಚಲು ಗೊಂಚಲಾಗಿ ಕಾಯಿ ಕಚ್ಚಿದೆ. ಅಡಿಕೆಯಷ್ಟು ಆದ ಕಾಯಿ ತಿಂಗಳಾದರೂ ಅಷ್ಟೇ ಇದೆ. ಗೋಲಿಯಷ್ಟು ಆಗುತ್ತಲೇ ಎಲ್ಲ ಉದುರುತ್ತವೆ. ಹೂವೇ ಬಿಡದೆ ಕಾಯಿ ಹೇಗಾಯಿತು? ಹಣ್ಣಾಗುವ ಹೊತ್ತಿಗೆ ಸೀಳಿ ಹೋಗುತ್ತೆ, ಯಾಕೆ?

ಇವುಗಳಲ್ಲಿ ಕೆಲವು ಗಿಡದ ಸಹಜ ಗುಣ. ಅದಕ್ಕೆ ಯಾವ ಔಷಧಿಯೂ ಬೇಡ. ಕೆಲವು ನೀರಿನ ತಪ್ಪು. ಒಂದೆರಡು ಮಾತ್ರ ನಿಜವಾದ ರೋಗ. ಇವನ್ನು ಬೇರೆ ಮಾಡಿ ನೋಡದೆ ಸುಮ್ನೆ ಅಂಗಡಿಗೆ ಹೋಗಿ ಔಷಧಿ ತಂದು ಹೊಡೆದರೆ ಗಿಡಕ್ಕೂ ನಷ್ಟ, ಆ ಹಣ್ಣು ತಿನ್ನುವ ಮಕ್ಕಳಿಗೂ ಒಳ್ಳೆಯದಲ್ಲ. ಹಾಗಾಗಿ ನನ್ನ ಮಾತು ಒಂದೇ: ಕಾಯಿ ಗಿಡದ ಯಾವ ಜಾಗದಲ್ಲಿ ಬಂದಿದೆ, ವರ್ಷದ ಯಾವ ಕಾಲದಲ್ಲಿ ಬಂದಿದೆ, ಇವೆರಡನ್ನು ಮೊದಲು ನೋಡಿ. ಬಹಳಷ್ಟು ಉತ್ತರ ಅಲ್ಲೇ ಸಿಗುತ್ತೆ.

ಏನೇನು ಬೇಕು

ಹರಿತವಾದ ಸಣ್ಣ ಚಾಕು, ಗಿಡ ಕತ್ತರಿಸುವ ಕತ್ತರಿ, ಬಣ್ಣದ ದಾರ, ರಬ್ಬರಿನ ಕೈಗವಸು. ಮೊಬೈಲಿನಲ್ಲಿ ವಾರಕ್ಕೊಂದು ಫೋಟೋ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ನೆನಪಿನ ಮೇಲೆ ಹೇಳುವ "ತಿಂಗಳಿಂದ ಹಿಂಗೇ ಇದೆ" ಅನ್ನೋ ಮಾತು ಎಷ್ಟೋ ಸಲ ಎರಡೇ ವಾರದ್ದಾಗಿರುತ್ತೆ.

ಕೈಗವಸನ್ನು ಬಿಡಬೇಡಿ. ಅಂಜೂರದ ಎಲೆ, ಟೊಂಗೆ, ಎಳೆ ಕಾಯಿ ಎಲ್ಲಿ ಕತ್ತರಿಸಿದರೂ ಬಿಳಿ ಹಾಲು ಬರುತ್ತೆ. ಅದು ಚರ್ಮಕ್ಕೆ ಹತ್ತಿ, ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಕಣ್ಣಿಗಂತೂ ತಾಗಲೇಬಾರದು. ಕತ್ತರಿಸುವ ಕೆಲಸ ಇದ್ದರೆ ಸಂಜೆ ಇಟ್ಟುಕೊಳ್ಳಿ. ಹಾಲು ಹತ್ತಿದರೆ ತಕ್ಷಣ ಸಾಬೂನು ಹಚ್ಚಿ ತೊಳೆಯಿರಿ. ಮಕ್ಕಳನ್ನು ಆ ಹೊತ್ತಿಗೆ ದೂರ ಇಡಿ.

ಮೊದಲು ಹೂವಿನ ವಿಷಯ

ಅಂಜೂರಕ್ಕೆ ಹೂ ಇದೆ, ಹೊರಗೆ ಕಾಣುವುದಿಲ್ಲ ಅಷ್ಟೇ. ನಾವು ಕಾಯಿ ಅನ್ನುವುದು ನೂರಾರು ಸಣ್ಣ ಹೂಗಳನ್ನು ಒಳಗಿಟ್ಟು ಬಾಯಿ ಬಿಗಿದ ಎಲೆಯಡಿಕೆ ಸಂಚಿಯ ಹಾಗೆ. ಕಾಯಿಯ ತುದಿಯಲ್ಲಿ ಒಂದು ಸಣ್ಣ ತೂತು ಕಾಣುತ್ತಲ್ಲ, ಅದೇ ಸಂಚಿಯ ಬಾಯಿ. ಬೆಳೆಗಾರರು ಅದಕ್ಕೆ ಕಣ್ಣು ಅಂತಾರೆ. ಈ ಲೇಖನದಲ್ಲಿ ಕಣ್ಣು ಅಂದರೆ ಅದೇ. ಮುಂದೆ ಅದು ಮತ್ತೆ ಮತ್ತೆ ಬರುತ್ತೆ, ನೆನಪಿಡಿ.

ಹೂವು ಬಿಡಲಿಲ್ಲ ಅಂತ ಹಾರ್ಮೋನ್ ಔಷಧಿ ಕೊಡಿಸುವವರಿದ್ದಾರೆ. ಬೇಡವೇ ಬೇಡ.

ಹಂತ 1: ನಿಮ್ಮ ಗಿಡ ಎಲ್ಲಿಂದ ಬಂತು, ನೆನಪು ಮಾಡಿಕೊಳ್ಳಿ

ಗಿಡ ಮೂರು ದಾರಿಯಲ್ಲಿ ಬಂದಿರಬಹುದು. ಟೊಂಗೆ ನೆಟ್ಟು ಬೇರು ಬರಿಸಿದ್ದು, ಕಸಿ ಕಟ್ಟಿದ್ದು, ಬೀಜದಿಂದ ಎದ್ದದ್ದು. ಮೂರರ ಕಥೆಯೂ ಬೇರೆ.

ಟೊಂಗೆಯಿಂದ ಮಾಡಿದ್ದಾದರೆ ಚಿಂತೆ ಕಡಿಮೆ. ನಮ್ಮ ಕಡೆ ನರ್ಸರಿಗಳಲ್ಲಿ ಸಿಗುವ ಪುಣೆ ಅಂಜೂರ, ದಿನಕರ, ಹೊರಗಿನಿಂದ ಬಂದ ಡಯಾನಾ, ಬ್ರೌನ್ ಟರ್ಕಿ, ಇವೆಲ್ಲ ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುವ ತಳಿಗಳು. ಪರಾಗಸ್ಪರ್ಶ ಅಂದರೆ ಒಂದು ಹೂವಿನ ಪುಡಿ ಇನ್ನೊಂದಕ್ಕೆ ತಲುಪುವುದು. ಜೇನು, ಕಣಜ ಯಾವುದೂ ಬೇಕಿಲ್ಲ. ಒಂದೇ ಗಿಡ ಇದ್ದರೂ ಸಾಕು.

ಕಸಿ ಗಿಡ ಆಗಿದ್ದರೆ ಬುಡದ ಮೇಲೆ ಕಣ್ಣಿಡಿ. ಅಂಜೂರದ ಬೇರಿಗೆ ಜಂತುಹುಳದ ಕಾಟ ಇರುತ್ತೆ. ಅದನ್ನು ತಡೆಯಲಿ ಅಂತ ನಮ್ಮ ದೇಶದಲ್ಲಿ ಅತ್ತಿ ಸಸಿಯ ಮೇಲೆ ಅಂಜೂರದ ಕಸಿ ಕಟ್ಟುವುದುಂಟು. ಕೆಳಗಿನ ಅತ್ತಿಗೆ ಬೇರುಸಸಿ ಅಂತಾರೆ. ಈ ಬೇರುಸಸಿ ಕಸಿಯ ಗಂಟಿನ ಕೆಳಗಿನಿಂದ ತನ್ನದೇ ಚಿಗುರು ಹೊಡೆಯುತ್ತೆ. ನಾವು ಗಿಡ ಪೊದೆಯಾಗಿ ಬೆಳೀತಿದೆ ಅಂತ ಖುಷಿಪಟ್ಟು ಹಾಗೇ ಬಿಡುತ್ತೇವೆ. ಕೆಲವು ವರ್ಷಗಳಲ್ಲಿ ಅತ್ತಿಯೇ ಮೇಲುಗೈ ಪಡೆಯುತ್ತೆ, ಅಂಜೂರ ಸೊರಗುತ್ತೆ. ಆಮೇಲೆ ಒಂದು ದಿನ ಕಾಂಡಕ್ಕೇ ಅಂಟಿಕೊಂಡ ಗೊಂಚಲು ಕಾಯಿ ಕಾಣುತ್ತೆ. "ನಮ್ಮ ಅಂಜೂರ ಕಾಂಡದಲ್ಲೇ ಕಾಯಿ ಬಿಟ್ಟಿದೆ" ಅನ್ನುವ ಫೋಟೋಗಳಿಗೆ ಹೆಚ್ಚಾಗಿ ಇದೇ ಕಾರಣ.

ಗುರುತು ಹಿಡಿಯುವುದು ಸುಲಭ. ಅಂಜೂರದ ಎಲೆ ಹಸ್ತದ ಹಾಗೆ ಮೂರರಿಂದ ಐದು ಭಾಗವಾಗಿ ಸೀಳಿರುತ್ತೆ, ಮುಟ್ಟಿದರೆ ಒರಟು. ಅತ್ತಿಯ ಎಲೆಗೆ ಸೀಳಿಲ್ಲ, ತುದಿ ಚೂಪು, ಮೇಲ್ಮೈ ನುಣುಪು. ಒಂದೇ ಬುಡದಿಂದ ಎರಡೂ ಥರದ ಎಲೆ ಬಂದಿದ್ದರೆ ನುಣುಪು ಎಲೆಯ ಚಿಗುರನ್ನು ಬುಡಸಮೇತ ಕಿತ್ತು ತೆಗೆಯಿರಿ. ಮೇಲೆ ಮೇಲೆ ಕತ್ತರಿಸಿದರೆ ಅಲ್ಲಿಂದ ಎರಡು ಚಿಗುರು ಏಳುತ್ತವೆ. ಎಳೆಯದಿದ್ದಾಗ ಕೈಯಿಂದ ಕೆಳಕ್ಕೆ ಹರಿದು ತೆಗೆಯುವುದೇ ಸರಿ. ಅಂಜೂರ ಪೂರ್ತಿ ಒಣಗಿ ಅತ್ತಿ ಮಾತ್ರ ಉಳಿದಿದ್ದರೆ ಅದನ್ನು ಮರಳಿ ಅಂಜೂರ ಮಾಡುವುದು ಹೊಸ ಕಸಿಯಿಂದ ಮಾತ್ರ ಸಾಧ್ಯ.

ಇನ್ನು ಬೀಜದ ಗಿಡ. ಒಣ ಅಂಜೂರದ ಬೀಜ ಬಿತ್ತಿ ಸಸಿ ಮಾಡಿದವರು ದಯವಿಟ್ಟು ಇದನ್ನು ಓದಿ. ಟರ್ಕಿ, ಅಫ್ಘಾನಿಸ್ತಾನದ ಕಡೆಯಿಂದ ಬರುವ ಒಣ ಹಣ್ಣಿನ ಬೀಜ ಮೊಳಕೆ ಬರುತ್ತೆ, ನಿಜ. ಆದರೆ ಅಂಥ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು ಗಿಡ. ಅದರ ಕಾಯಿಯ ಒಳಗೆ ಟೊಳ್ಳು, ಒಣಗಿದ ಬೆಂಡು, ತಿನ್ನಲು ಬಾರದು. ಉಳಿದವುಗಳಲ್ಲಿ ಹಲವಕ್ಕೆ ಪರಾಗಸ್ಪರ್ಶ ಬೇಕೇ ಬೇಕು. ಆ ಕೆಲಸ ಮಾಡುವುದು ಅಂಜೂರದ್ದೇ ಆದ ಒಂದು ಪುಟ್ಟ ಕಣಜ. ಅದು ನಮ್ಮ ಕಡೆ ಇಲ್ಲ. ಹಾಗಾಗಿ ಕಾಯಿ ಗೋಲಿಯಷ್ಟಾಗಿ, ಹಳದಿಯಾಗಿ, ಸುಕ್ಕುಗಟ್ಟಿ ಉದುರುತ್ತೆ. ಪ್ರತಿ ವರ್ಷವೂ, ಒಂದೂ ಬಿಡದೆ. ಇದಕ್ಕೆ ಗೊಬ್ಬರ, ನೀರು, ಔಷಧಿ ಯಾವುದೂ ಪರಿಹಾರ ಅಲ್ಲ. ಗಿಡ ಗಟ್ಟಿಯಾಗಿದ್ದರೆ ಅದರ ಮೇಲೆ ಒಳ್ಳೆ ತಳಿಯ ಕಸಿ ಕಟ್ಟಿಸಿ.

ಪಕ್ಕದ ಹೊಲದ ಅತ್ತಿ ಮರದ ಕಣಜ ಬಂದು ಈ ಕೆಲಸ ಮಾಡಬಹುದಾ ಅಂತ ಕೇಳುವವರಿದ್ದಾರೆ. ಇಲ್ಲ. ಅತ್ತಿಯ ಕಣಜ ಅತ್ತಿಗಷ್ಟೇ. ಅದೇ ಕಾರಣಕ್ಕೆ ಇನ್ನೊಂದು ಭಯವೂ ಬೇಡ: ಅತ್ತಿಹಣ್ಣು ಬಿಚ್ಚಿದರೆ ಒಳಗೆ ಹುಳ ಇರುವುದು ನಮಗೆಲ್ಲ ಗೊತ್ತು, ಆದರೆ ಮನೆಯ ಪುಣೆ ಅಂಜೂರದಲ್ಲಿ ಆ ಕಣಜ ಇರುವುದಿಲ್ಲ. ಶುದ್ಧ ಸಸ್ಯಾಹಾರದ ಮನೆಯವರು ಧೈರ್ಯವಾಗಿ ತಿನ್ನಬಹುದು. ತೀರಾ ಮಾಗಿದ, ಒಡೆದ ಹಣ್ಣಿನಲ್ಲಿ ಮಾತ್ರ ನೊಣದ ಮರಿ ಇರಬಹುದು. ಅಂಥದ್ದನ್ನು ಬಿಚ್ಚಿ ನೋಡಿ ತಿನ್ನಿ.

ಹಂತ 2: ಕಾಯಿ ಟೊಂಗೆಯ ಯಾವ ಜಾಗದಲ್ಲಿದೆ ನೋಡಿ

ಟೊಂಗೆಯಲ್ಲಿ ಎಲೆ ಹುಟ್ಟುವ ಉಬ್ಬಿದ ಜಾಗಕ್ಕೆ ಗಿಣ್ಣು ಅಂತಾರೆ. ಅಂಜೂರದ ಗಿಣ್ಣನ್ನು ಹತ್ತಿರದಿಂದ ನೋಡಿದರೆ ಎಲೆಯ ತೊಟ್ಟಿನ ಮೇಲೆ ನಡುವೆ ಒಂದು ಚೂಪು ಮೊಗ್ಗು, ಅದರ ಪಕ್ಕಕ್ಕೆ ದುಂಡಗಿನ ಮೊಗ್ಗು ಕಾಣುತ್ತೆ. ಚೂಪಾದದ್ದು ಮುಂದೆ ಟೊಂಗೆ ಆಗುವುದು, ದುಂಡಗಿನದು ಕಾಯಿ ಆಗುವುದು. ದುಂಡು ಮೊಗ್ಗು ಎರಡೂ ಬದಿಗೆ ಬರಬಹುದು. ಹೀಗಾಗಿ ಒಂದೇ ಎಲೆಯ ಕಂಕುಳಲ್ಲಿ ಜೋಡಿ ಕಾಯಿ ಬಂದರೆ ಅದು ಗಿಡ ಗಟ್ಟಿಮುಟ್ಟಾಗಿರುವ ಗುರುತು. ಕೀಳಬೇಡಿ.

ಎಲೆ ಇಲ್ಲದ ಬೋಳು ಟೊಂಗೆಗೆ ಕಾಯಿ ಬಂದಿದೆಯಾ? ಹೋದ ಸಲದ ಬೆಳವಣಿಗೆಯಲ್ಲಿ ಅರಳದೆ ಉಳಿದ ದುಂಡು ಮೊಗ್ಗುಗಳು ಈಗ ಎದ್ದಿವೆ. ಚಳಿ ದೇಶಗಳಲ್ಲಿ ಇದು ವರ್ಷದ ಮೊದಲ ಬೆಳೆ. ನಮ್ಮಲ್ಲಿ ಎಲೆ ಕಳೆದುಕೊಂಡ ಗಿಡದಲ್ಲಿ, ಅಂದರೆ ಟೊಂಗೆ ಸವರಿದ ಮೇಲೆ ಅಥವಾ ಮಳೆಗಾಲದ ತುಕ್ಕು ರೋಗಕ್ಕೆ ಎಲೆ ಉದುರಿದ ಮೇಲೆ ಇದು ಕಾಣುತ್ತೆ. ಈ ಕಾಯಿಗಳಲ್ಲಿ ಸುಮಾರು ಉದುರಿ ಹೋಗುತ್ತವೆ, ಯಾಕೆಂದರೆ ಅವುಗಳಿಗೆ ಊಟ ಕೊಡುವ ಎಲೆ ಇಲ್ಲ. ಗಿಡ ದೊಡ್ಡದಿದ್ದರೆ ಹಾಗೇ ಬಿಡಿ, ಉಳಿದಷ್ಟು ಉಳಿಯಲಿ. ಗಿಡಕ್ಕೆ ಎರಡು ವರ್ಷ ತುಂಬಿಲ್ಲ ಅಂದರೆ ಕಿತ್ತುಬಿಡಿ.

ನರ್ಸರಿಯಲ್ಲಿ ನಾಲ್ಕೈದು ಎಲೆಯ ಸಸಿಗೆ ಎರಡು ಮೂರು ಕಾಯಿ ಜೋತಿರುತ್ತವೆ. ಅದನ್ನು ನೋಡಿ "ಇದು ಒಳ್ಳೆ ಫಲದ ಗಿಡ" ಅಂತ ಕೊಳ್ಳುವವರು ಬಹಳ. ಅಂಜೂರ ಹಾಗೇ, ಬೇರು ಬರುವ ಮೊದಲೇ ಕಾಯಿ ಬಿಡಬಲ್ಲದು. ಮನೆಗೆ ತಂದ ದಿನವೇ ಆ ಕಾಯಿ ಚಿವುಟಿ ಹಾಕಿ. ಬೇಜಾರಾಗುತ್ತೆ, ಗೊತ್ತು. ಆದರೆ ಬೇರಿಗೆ ಹೋಗಬೇಕಾದ ಶಕ್ತಿಯನ್ನು ಅವು ತಿನ್ನುತ್ತವೆ.

ಎರಡು ಕಾಯಿ ಒಂದಕ್ಕೊಂದು ಅಂಟಿ ಹುಟ್ಟುವುದು, ಕಾಯಿಯ ಮೈಮೇಲೆ ಸಣ್ಣ ಎಲೆಯಂಥದ್ದು ಮೂಡುವುದು, ಒಂದೇ ಗಿಡದಲ್ಲಿ ಒಂದು ಉದ್ದ ಒಂದು ಚಪ್ಪಟೆ, ಇವೆಲ್ಲ ಅಪರೂಪಕ್ಕೆ ಆಗುತ್ತವೆ. ತಿನ್ನಲು ತೊಂದರೆ ಇಲ್ಲ. ಆದರೆ ಗಿಡದ ತುಂಬ ಕಾಯಿ ಸೊಟ್ಟಗಿದ್ದು, ಎಲೆಯಲ್ಲೂ ಹಳದಿ ಮಚ್ಚೆ ಇದ್ದು, ಎಲೆ ಮುರುಟಿದ್ದರೆ ಮಾತು ಬೇರೆ. ಅದು ಮೊಸಾಯಿಕ್ ಅನ್ನುವ ವೈರಸ್ ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದಲೂ, ಆ ಗಿಡದ ಟೊಂಗೆ ನೆಟ್ಟರೂ ಹರಡುತ್ತೆ. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಗೊಬ್ಬರ, ನೀರು ಸರಿಯಾಗಿ ಕೊಟ್ಟರೆ ಎಷ್ಟೋ ಗಿಡಗಳು ರೋಗದ ಜೊತೆಗೇ ಫಲ ಕೊಡುತ್ತವೆ. ಆದರೆ ಆ ಗಿಡದ ಟೊಂಗೆಯನ್ನು ನೆಂಟರಿಗೆ, ಪಕ್ಕದ ಮನೆಯವರಿಗೆ ಕೊಡಬೇಡಿ.

ಹಂತ 3: ಕಾಯಿಗೆ ದಾರ ಕಟ್ಟಿ

"ಕಾಯಿ ದಪ್ಪ ಆಗುವುದೇ ನಿಂತಿದೆ" ಅನ್ನುವವರು ಈ ಹಂತವನ್ನು ಹಾರಿಸಬೇಡಿ.

ಅಂಜೂರದ ಕಾಯಿ ಒಂದೇ ಸಮ ಬೆಳೆಯುವುದಿಲ್ಲ. ಮೊದಲು ಐದಾರು ವಾರ ಚುರುಕಾಗಿ ದಪ್ಪ ಆಗುತ್ತೆ. ಆಮೇಲೆ ಸುಮ್ಮನಾಗುತ್ತೆ. ಗಾತ್ರ, ಬಣ್ಣ, ಗಟ್ಟಿತನ ಏನೂ ಬದಲಾಗದೆ ಮೂರು ವಾರದಿಂದ ಆರು ವಾರದವರೆಗೂ ಹಾಗೇ ಇರಬಹುದು, ಚಳಿ ಇದ್ದರೆ ಇನ್ನೂ ಜಾಸ್ತಿ. ಕೊನೆಗೆ ಇದ್ದಕ್ಕಿದ್ದ ಹಾಗೆ ಉಬ್ಬುತ್ತೆ, ಬಣ್ಣ ತಿರುಗುತ್ತೆ, ಕೆಲವೇ ದಿನದಲ್ಲಿ ಹಣ್ಣು. ಸಕ್ಕರೆಯ ಬಹುಪಾಲು ತುಂಬುವುದು ಈ ಕೊನೆಯ ಹಂತದಲ್ಲಿ. ಕಾಯಿ ಕಂಡ ದಿನದಿಂದ ಹಣ್ಣಾಗುವವರೆಗೆ ಒಟ್ಟು ಮೂರರಿಂದ ನಾಲ್ಕು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ.

ನಡುವಿನ ಈ ನಿಲುಗಡೆಯಲ್ಲೇ ಜನ ತಾಳ್ಮೆ ಕಳೆದುಕೊಳ್ಳುವುದು. ಯೂರಿಯಾ ಹಾಕುತ್ತಾರೆ, ನೀರು ದುಪ್ಪಟ್ಟು ಮಾಡುತ್ತಾರೆ. ಗಿಡ ಎಲೆ ಹೊಡೆಯಲು ಶುರು ಮಾಡುತ್ತೆ, ಕಾಯಿ ಇನ್ನೂ ಹಿಂದೆ ಬೀಳುತ್ತೆ.

ಹೀಗೆ ಮಾಡಿ. ಗಿಡದ ಬೇರೆ ಬೇರೆ ಕಡೆ ನಾಲ್ಕು ಕಾಯಿ ಆರಿಸಿ, ತೊಟ್ಟಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿ, ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ಅವನ್ನಷ್ಟೇ ನೋಡಿ. ಬೇರೆ ಏನೂ ಮಾಡಬೇಡಿ. ನಿಲುಗಡೆ ಮುಗಿಯುವುದನ್ನು ಕಣ್ಣು ಹೇಳುತ್ತೆ: ಹಸಿರಾಗಿ ಬಿಗಿದಿದ್ದ ಆ ತೂತಿನ ಅಂಚು ನಸುಗೆಂಪಿಗೆ ತಿರುಗುತ್ತೆ.

ಆಗ ಬೇಕಿದ್ದರೆ ಒಂದು ಹಳೆಯ ಉಪಾಯ ಮಾಡಬಹುದು. ಹತ್ತಿಯ ಕಡ್ಡಿಯನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಕಣ್ಣಿಗೆ ಮಾತ್ರ ಸವರಿ. ಕಾಯಿಯೊಳಗೆ ಹಣ್ಣಾಗಿಸುವ ಅನಿಲ ಹುಟ್ಟಿ ಸುಮಾರು ಒಂದು ವಾರದಲ್ಲಿ ಹಣ್ಣಾಗುತ್ತೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಆಲಿವ್ ಎಣ್ಣೆ ಹಚ್ಚಿ ಇದನ್ನು ಶತಮಾನಗಳಿಂದ ಮಾಡುತ್ತಾ ಬಂದಿದ್ದಾರೆ. ಆದರೆ ಕಣ್ಣು ಕೆಂಪಾಗುವ ಮೊದಲೇ ಹಚ್ಚಿದರೆ ಕಾಯಿ ಸುಕ್ಕಾಗಿ ಉದುರುತ್ತೆ. ಮೊದಲು ಎರಡು ಕಾಯಿಗೆ ಹಚ್ಚಿ ನೋಡಿ, ಇಡೀ ಗಿಡಕ್ಕೆ ಬೇಡ.

ಹಂತ 4: ಉದುರಿದ ಕಾಯಿಯನ್ನು ಕೊಯ್ದು ನೋಡಿ

ಉದುರಿದ್ದನ್ನು ಗುಡಿಸಿ ಎಸೆಯುವ ಮುಂಚೆ ಐದಾರು ಕಾಯಿ ಆರಿಸಿ ಉದ್ದಕ್ಕೆ ಎರಡು ಹೋಳು ಮಾಡಿ.

ಒಳಗೆ ಬಿಳಿಯಾಗಿ ಒಣಗಿ, ನಡುವೆ ಟೊಳ್ಳಿದ್ದು, ಕೊಳೆತ ವಾಸನೆ ಇಲ್ಲದಿದ್ದರೆ ಗಿಡವೇ ಅದನ್ನು ಬಿಟ್ಟಿದೆ. ಬೀಜದ ಗಿಡವಾದರೆ ಕಾರಣ ಮೇಲೆ ಹೇಳಿದ್ದೇ. ಟೊಂಗೆಯ ಗಿಡವಾದರೆ ನೀರಿನ ಏರುಪೇರು, ನೆರಳು ಅಥವಾ ಬೇರಿನ ತೊಂದರೆ. ದಿನಕ್ಕೆ ಆರೇಳು ತಾಸು ನೇರ ಬಿಸಿಲು ಬೀಳದ ಜಾಗದಲ್ಲಿ ಅಂಜೂರ ಕಾಯಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಕಾಂಪೌಂಡ್ ಗೋಡೆ ಮತ್ತು ತೆಂಗಿನ ಮರದ ನಡುವೆ ಹಚ್ಚಿದ ಗಿಡಗಳ ಗೋಳು ಇದೇ.

ಒಳಗೆ ಕಂದು ಬಣ್ಣಕ್ಕೆ ತಿರುಗಿ, ಹುಳಿ ಬಂದ ಹಿಟ್ಟಿನ ವಾಸನೆ ಇದ್ದರೆ ಕಣ್ಣಿನ ಮೂಲಕ ಸಣ್ಣ ನೊಣಗಳು ಹುದುಗನ್ನು ಒಳಗೆ ಒಯ್ದಿವೆ. ಸುರಂಗ ಕೊರೆದು ಹಿಕ್ಕೆ ತುಂಬಿದ್ದರೆ ಹುಳ. ಎರಡಕ್ಕೂ ಮೊದಲ ಕೆಲಸ ಒಂದೇ, ಉದುರಿದ್ದನ್ನು ಗಿಡದ ಬುಡದಲ್ಲಿ ಬಿಡದೆ ಆರಿಸಿ ಆಳವಾಗಿ ಹೂಳುವುದು.

ಒಳಗೆಲ್ಲ ಚೆನ್ನಾಗಿಯೇ ಇದ್ದು ಉದುರುತ್ತಿದ್ದರೆ ಬೇರಿನ ಕಡೆ ನೋಡಿ. ಬುಡದಿಂದ ಒಂದು ಅಡಿ ದೂರ ಮಣ್ಣು ಕೆದಕಿ ಎಳೆ ಬೇರು ತೆಗೆಯಿರಿ. ಬೇರಿನ ಮೇಲೆ ಸಾಲು ಸಾಲು ಗಂಟು ಇದ್ದರೆ ಜಂತುಹುಳ. ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ, ಸುತ್ತ ಚೆಂಡುಹೂ ಹಚ್ಚಿ. ಅದೇ ಪಾತಿಯಲ್ಲಿ ಟೊಮೆಟೊ, ಬದನೆ ಹಾಕಬೇಡಿ, ಆ ಹುಳಕ್ಕೆ ಅವೂ ಇಷ್ಟ.

ಹಂತ 5: ನೀರು

ನಮ್ಮ ಊರುಗಳ ಅಂಜೂರದ ದೊಡ್ಡ ಸಮಸ್ಯೆ ಇದೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಳದ ನೀರು ದಿನ ಬಿಟ್ಟು ದಿನ ಬರುವುದಿಲ್ಲ, ಎಷ್ಟೋ ಬಡಾವಣೆಗಳಲ್ಲಿ ಹಲವು ದಿನಕ್ಕೊಮ್ಮೆ. ನಳ ಬಂದ ದಿನ ಟಾಕಿ ತುಂಬಿಸಿ, ಹಳೆಯ ನೀರನ್ನೆಲ್ಲ ಗಿಡಕ್ಕೆ ಸುರಿಯುತ್ತೇವೆ. ಆಮೇಲೆ ಮತ್ತೆ ನಳ ಬರುವವರೆಗೆ ಗಿಡ ಒಣಗುತ್ತೆ. ಮಲ್ಲಿಗೆ, ದಾಸವಾಳ ಇದನ್ನು ತಡೆದುಕೊಳ್ಳುತ್ತವೆ. ಕಾಯಿ ಹೊತ್ತ ಅಂಜೂರ ತಡೆಯುವುದಿಲ್ಲ. ಒಣಗಿದಾಗ ಎಳೆ ಕಾಯಿ ಉದುರಿಸುತ್ತೆ. ಒಣಗಿ ಬಿಗಿದ ಸಿಪ್ಪೆಯ ಕಾಯಿಗೆ ಒಮ್ಮೆಲೇ ನೀರು ನುಗ್ಗಿದರೆ ಒಳಗಿನ ತಿರುಳು ಉಬ್ಬಿ, ಸಿಪ್ಪೆ ಸಾಲದೆ, ಕಣ್ಣಿನಿಂದ ಮೇಲಕ್ಕೆ ಸೀಳುತ್ತೆ. ಸೀಳು ಬಿಟ್ಟ ಕಾಯಿಗೆ ಅದೇ ಸಂಜೆ ಇರುವೆ ಮುತ್ತುತ್ತೆ.

ಇದಕ್ಕೆ ಜಾಸ್ತಿ ನೀರು ಬೇಕಿಲ್ಲ. ಇರುವ ನೀರನ್ನೇ ಹಂಚಬೇಕು. ವಾರಕ್ಕೆ ನಾಲ್ಕು ಬಕೆಟ್ ಕೊಡುವವರು ಒಂದೇ ದಿನ ಸುರಿಯುವ ಬದಲು ಎರಡು ದಿನಕ್ಕೊಮ್ಮೆ ಒಂದೊಂದು ಬಕೆಟ್ ಕೊಡಿ. ಅದಕ್ಕಾಗಿ ಒಂದು ಡ್ರಮ್ ಬೇರೆ ಇಟ್ಟುಕೊಳ್ಳಿ. ಬುಡದ ಸುತ್ತ ಒಂದು ಗೇಣು ಜಾಗ ಬಿಟ್ಟು ಒಣ ಎಲೆ, ಕಬ್ಬಿನ ರವದಿ ಅಥವಾ ಕಡಲೆ ಹೊಟ್ಟನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ. ನೀರು ಕೊಡುವ ಮೊದಲು ಬೆರಳನ್ನು ಎರಡು ಗೆಣ್ಣು ಆಳಕ್ಕೆ ಮಣ್ಣಿಗಿಳಿಸಿ. ತೇವ ತಾಗಿದರೆ ಇವತ್ತು ಬೇಡ.

ಮಣ್ಣಿನ ಮೇಲೂ ಲೆಕ್ಕ ಬದಲಾಗುತ್ತೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತೆ, ಮಳೆಗಾಲದಲ್ಲಿ ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಎರೆಯಲ್ಲಿ ಹಚ್ಚುವವರು ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ. ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತೆ, ಬಿರುಕಿನ ಜೊತೆ ಎಳೆ ಬೇರು ಹರಿಯುತ್ತವೆ. ಹೊದಿಕೆ ಇದ್ದರೆ ಬಿರುಕು ಕಡಿಮೆ. ಧಾರವಾಡದ ಮಸಾರಿ, ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತೆ, ಅಲ್ಲಿ ಸ್ವಲ್ಪ ಸ್ವಲ್ಪ, ಆದರೆ ಪದೇ ಪದೇ. ಕುಂಡದ ಗಿಡಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ದಿನವೂ ಬೇಕಾಗಬಹುದು. ತಾರಸಿಯ ಕಾದ ಕಾಂಕ್ರೀಟ್ ಮೇಲೆ ಕುಂಡ ನೇರ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಕೊಡಿ.

ಹಣ್ಣು ಬಣ್ಣ ತಿರುಗಲು ಶುರುವಾದ ಮೇಲೆ ನೀರನ್ನು ಸ್ವಲ್ಪ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ.

ಹಂತ 6: ಕ್ಯಾಲೆಂಡರ್ ನೋಡಿ

ಅಂಜೂರ ಒಣ ಹವೆಯ ಗಿಡ. ಗದಗ, ರೋಣ, ಮುಂಡರಗಿ ಕಡೆ ಇದು ಸುಖವಾಗಿರುತ್ತೆ. ಕಲಘಟಗಿ, ಹಾನಗಲ್ಲ ಕಡೆ, ಧಾರವಾಡದ ಪಶ್ಚಿಮಕ್ಕೆ ಮಳೆ ಜಾಸ್ತಿ, ಅಲ್ಲಿ ಮಳೆಗಾಲದ ಕಾಯಿಯ ಮೇಲೆ ಆಸೆ ಇಡಬೇಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ಆದ ಹಣ್ಣು ದೊಡ್ಡದಿದ್ದರೂ ಸಪ್ಪೆ, ಕೆಲವೊಮ್ಮೆ ಹುಳಿ. ಪುಣೆ ಕಡೆಯ ಬೆಳೆಗಾರರು ಮಳೆಗಾಲದ ಬೆಳೆಗೆ ಖಟ್ಟಾ ಬಹಾರ, ಬೇಸಿಗೆಯ ಬೆಳೆಗೆ ಮೀಠಾ ಬಹಾರ ಅಂತ ಬೇರೆ ಬೇರೆ ಹೆಸರನ್ನೇ ಇಟ್ಟಿದ್ದಾರೆ. ನಿಮ್ಮ ಗಿಡದ ರುಚಿ ಕೆಟ್ಟಿಲ್ಲ, ಕಾಲ ಸರಿಯಿಲ್ಲ.

ಮಳೆಗಾಲದ ನಿಜವಾದ ಶತ್ರು ತುಕ್ಕು ರೋಗ. ಎಲೆಯ ಹಿಂಭಾಗದಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಏಳುತ್ತವೆ, ಬೆರಳಿಂದ ಉಜ್ಜಿದರೆ ತುಕ್ಕಿನ ಪುಡಿ ಹತ್ತುತ್ತೆ. ಎಲೆ ಹಳದಿಯಾಗಿ ಉದುರಿ ಗಿಡ ಬೋಳಾಗುತ್ತೆ. ಮಳೆ ನಿಂತ ಮೇಲೆ ಹೊಸ ಚಿಗುರಿನ ಜೊತೆ ಅಕಾಲದ ಕಾಯಿಗಳು ಬರುತ್ತವೆ. ಜನ ವಿಚಿತ್ರ ಅಂದುಕೊಳ್ಳುವುದು ಈ ಕಾಯಿಗಳನ್ನೇ.

ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣ ಸಾಕು. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಅರ್ಧ ಲೀಟರ್ ನೀರಲ್ಲಿ ಮೈಲುತುತ್ತ, ಇನ್ನರ್ಧ ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಆಮೇಲೆ ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿಯುತ್ತಾ ಕಲಸಿ. ಪಾತ್ರೆ ಪ್ಲಾಸ್ಟಿಕ್ ಇರಲಿ, ಕಬ್ಬಿಣ ಬೇಡ. ಹೊಳೆಯುವ ಚಾಕುವಿನ ತುದಿಯನ್ನು ಅದರಲ್ಲಿ ಅದ್ದಿ ನೋಡಿ. ತುದಿ ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸೇರಿಸಿ. ಇಲ್ಲದಿದ್ದರೆ ಎಲೆ ಸುಡುತ್ತೆ. ಸೋಸಿ, ಅದೇ ದಿನ ಬಳಸಿ, ನಾಳೆಗೆ ಇಡಬೇಡಿ. ಮೃಗಶಿರ ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ಮಳೆ ಬಿಡುವು ಕೊಟ್ಟಾಗ ಹದಿನೈದಿಪ್ಪತ್ತು ದಿನಕ್ಕೊಮ್ಮೆ, ಎಲೆಯ ಹಿಂಭಾಗ ನೆನೆಯುವ ಹಾಗೆ ಸಿಂಪಡಿಸಿ. ಹಣ್ಣು ಮಾಗುತ್ತಿರುವಾಗ ಸಿಂಪಡಿಸಬೇಡಿ. ಉದುರಿದ ಎಲೆ ಗುಡಿಸಿ ದೂರ ಹಾಕಿ.

ಹಂತ 7: ಟೊಂಗೆ ಸವರುವುದು, ಗೊಬ್ಬರ

ಸಿಹಿ ಹಣ್ಣು ಬೇಕಿದ್ದರೆ ಹಸ್ತ, ಚಿತ್ತಿ ಮಳೆ ಮುಗಿಯುವ ಹೊತ್ತಿಗೆ, ಅಂದರೆ ಅಕ್ಟೋಬರಿನಲ್ಲಿ ಟೊಂಗೆ ಸವರಿ. ಅಂಜೂರ ಮುಖ್ಯವಾಗಿ ಹೊಸ ಚಿಗುರಿನಲ್ಲಿ ಕಾಯಿ ಬಿಡುತ್ತೆ. ಒಣಗಿದ್ದು, ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುವುದು ಪೂರ್ತಿ ತೆಗೆಯಿರಿ. ಈ ವರ್ಷದ ಉದ್ದ ಟೊಂಗೆಗಳಲ್ಲಿ ಮೂರ್ನಾಲ್ಕು ಗಿಣ್ಣು ಉಳಿಸಿ ಮೇಲಿನದ್ದು ಕತ್ತರಿಸಿ. ಕತ್ತರಿಸಿದ ಬಾಯಿಗೆ ಮೈಲುತುತ್ತ-ಸುಣ್ಣದ ಮಂದ ಕಲಕನ್ನು ಹಚ್ಚಿ. ಹೀಗೆ ಮಾಡಿದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ, ಒಣ ಬಿಸಿಲಲ್ಲಿ ಹಣ್ಣು ಬರುತ್ತೆ. ಅಶ್ವಿನಿ, ಭರಣಿಯ ಗುಡುಗು ಮಳೆ ಬರುವ ಮುಂಚೆ ಸುಮಾರು ಕೈಗೆ ಬಂದಿರುತ್ತೆ.

ಗೊಬ್ಬರ ಸವರಿದ ಮೇಲೆಯೇ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದೆರಡು ಬುಟ್ಟಿ, ಎರಡು ಹಿಡಿ ಬೇವಿನ ಹಿಂಡಿ. ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ. ಎಲೆ ಸೊಂಪಾಗಿ, ಅಂಗೈಗಿಂತ ಎಷ್ಟೋ ದೊಡ್ಡದಾಗಿ ಬಂದು ಕಾಯಿಯೇ ಇಲ್ಲದಿದ್ದರೆ ಸಾರಜನಕ ಅತಿಯಾಗಿದೆ. ಅಂಥ ಗಿಡಕ್ಕೆ ಈ ವರ್ಷ ಏನೂ ಹಾಕಬೇಡಿ.

ಹಂತ 8: ಸರಿಯಾದ ಹೊತ್ತಿಗೆ ಕೊಯ್ಯಿರಿ

ಹಕ್ಕಿ, ಅಳಿಲು, ಬಾವಲಿ ನಮಗಿಂತ ಮೊದಲೇ ಬರುತ್ತವೆ ಅಂತ ಕಾಯಿ ಗಟ್ಟಿ ಇರುವಾಗಲೇ ಕಿತ್ತು ಅಕ್ಕಿ ಡಬ್ಬದಲ್ಲಿ ಇಡುವವರಿದ್ದಾರೆ. ಅಂಜೂರಕ್ಕೆ ಅದು ನಡೆಯುವುದಿಲ್ಲ. ಮಾವಿನ ಹಾಗೆ ಕಿತ್ತ ಮೇಲೆ ಸಿಹಿಯಾಗುವ ಹಣ್ಣಲ್ಲ, ಮೆತ್ತಗಾದರೂ ಸಪ್ಪೆಯೇ. ಬಣ್ಣ ತಿರುಗಿದ ಕೂಡಲೇ ತೆಳು ಬಟ್ಟೆಯ ಸಣ್ಣ ಚೀಲವನ್ನು ಒಂದೊಂದು ಹಣ್ಣಿಗೂ ಕಟ್ಟಿ. ಪ್ಲಾಸ್ಟಿಕ್ ಕಟ್ಟಿದರೆ ಒಳಗೆ ಬೆವತು ಕೊಳೆಯುತ್ತೆ. ಇರುವೆಗೆ ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರ ಹಚ್ಚಬೇಡಿ.

ಮಾಗಿದ ಹಣ್ಣು ತೊಟ್ಟಿನ ಹತ್ತಿರ ಮೆತ್ತಗಾಗಿ ತಲೆ ಬಾಗಿಸುತ್ತೆ. ಸಿಪ್ಪೆಯ ಮೇಲೆ ಕೂದಲೆಳೆಯಂಥ ಬಿಳಿ ಬಿರುಕು, ಕೆಲವೊಮ್ಮೆ ಕಣ್ಣಿನಲ್ಲಿ ಒಂದು ಹನಿ ಅಂಟು ರಸ. ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಜಿನುಗಿದರೆ ಒಂದೆರಡು ದಿನ ಬೇಗ ಕಿತ್ತಿದ್ದೀರಿ, ಹಾಗೇ ತಿಂದರೆ ನಾಲಗೆ, ತುಟಿ ಉರಿಯುತ್ತೆ.

ಇಷ್ಟಾದರೂ ಗೊತ್ತಾಗದಿದ್ದರೆ

ಕಾಂಡದಲ್ಲಿ ತೂತು, ಬುಡದಲ್ಲಿ ಗರಗಸದ ಪುಡಿಯಂಥದ್ದು ಕಂಡರೆ ಕಾಂಡ ಕೊರೆಯುವ ಹುಳ, ಅದಕ್ಕೆ ಕಾಯಬೇಡಿ. ತೂತಿಗೆ ತಂತಿ ತೂರಿಸಿ ಹುಳ ಚುಚ್ಚಿ ತೆಗೆದು, ಹಸಿ ಮಣ್ಣಿನಿಂದ ಮುಚ್ಚಿ. ಉಳಿದದ್ದಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ: ಧಾರವಾಡ ಜಿಲ್ಲೆಯವರಿಗೆ ಸೈದಾಪುರ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಬರೀ ಫೋಟೋ ಸಾಲದು. ಎಲೆಯಿರುವ ಒಂದು ತುಂಡು ಟೊಂಗೆ, ಈಗಷ್ಟೇ ಉದುರಿದ ಕಾಯಿ, ಹಿಡಿಯಷ್ಟು ಮಣ್ಣಿನ ಜೊತೆ ಎಳೆ ಬೇರು, ಇವನ್ನು ಬೇರೆ ಬೇರೆ ಸುದ್ದಿಪತ್ರಿಕೆಯಲ್ಲಿ ಸುತ್ತಿ, ಬೆಳಗ್ಗೆ ಕಿತ್ತದ್ದನ್ನು ಅದೇ ದಿನ ಒಯ್ಯಿರಿ. ಗಿಡಕ್ಕೆ ಎಷ್ಟು ವರ್ಷ, ಎಲ್ಲಿಂದ ತಂದದ್ದು, ಕೊನೆಯ ಸಲ ಏನು ಸಿಂಪಡಿಸಿದಿರಿ, ಕಾಯಿಗೆ ದಾರ ಕಟ್ಟಿದ ದಿನಾಂಕ ಯಾವುದು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ.